ದಣಿದ ಹೃದಯದ ಜೊತೆಬೇನೆಗಳು

ನಮ್ಮ ದೊಡ್ಡಮ್ಮನ ಮಾತ್ರೆಗಳೆಲ್ಲ ಇರುತ್ತಿದ್ದದ್ದು ಬಟ್ಟೆ ಅಂಗಡಿಯ ಹಳೇ ಕವರೊಂದರಲ್ಲಿ. ಆರು ತಿಂಗಳಲ್ಲಿ ಎರಡು ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿ ಬಂದ ಮೇಲೆ, ಒಂದು ಭಾನುವಾರ ಅದನ್ನು ಮೊರಕ್ಕೆ ಸುರಿದುಕೊಂಡು ಕೂತೆವು. ಹೃದಯಕ್ಕೆಂದು ಐದು ಬಗೆ, ಸಕ್ಕರೆಗೆ ಎರಡು, ಥೈರಾಯ್ಡಿಗೆ ಒಂದು, ಗ್ಯಾಸಿಗೆ ಒಂದು. ಎಲ್ಲದರ ಅಡಿಯಲ್ಲಿ, ಕತ್ತರಿಯಲ್ಲಿ ಕತ್ತರಿಸಿಕೊಟ್ಟ ನಾಲ್ಕು ಮಾತ್ರೆಯ ತುಂಡು ಸ್ಟ್ರಿಪ್ಪು. ಹೆಸರು ಅರ್ಧ ಹೋಗಿ ‘ಫೆನಾಕ್’ ಅನ್ನುವಷ್ಟೇ ಉಳಿದಿತ್ತು. “ಅದಾ? ಮಂಡಿನೋವಿಗೆ ಕಣೋ. ಮೆಡಿಕಲ್ ಶಾಪಿನ ಹುಡುಗ ಕೊಟ್ಟಿದ್ದು. ಒಂದು ನುಂಗಿದರೆ ಸಾಯಂಕಾಲ ದೇವಸ್ಥಾನದ ಮೆಟ್ಟಿಲು ಹತ್ತಬಹುದು” ಅಂದರು ದೊಡ್ಡಮ್ಮ. ಅದರ ವಿಷಯ ಅವರು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ದೊಡ್ಡಮ್ಮನಿಗಿದ್ದದ್ದು ಹೃದಯ ವೈಫಲ್ಯ. ಹಾಗೆಂದರೆ ಹೃದಯ ನಿಂತೇಹೋಗುವುದು ಎಂಬುದು ತಪ್ಪು ತಿಳಿವಳಿಕೆ. ದೇಹ ಕೇಳಿದಷ್ಟು ರಕ್ತವನ್ನು ತಳ್ಳಲಾರದೆಯೋ, ಸರಿಯಾಗಿ ತುಂಬಿಕೊಳ್ಳಲಾರದೆಯೋ ಹೃದಯ ದಣಿದಿರುತ್ತದೆ. ಈ ದಣಿವು ಒಂಟಿಯಾಗಿ ಬರುವುದು ಅಪರೂಪ. ಅಮೆರಿಕದಲ್ಲಿ 65 ದಾಟಿದ 1.2 ಲಕ್ಷಕ್ಕೂ ಹೆಚ್ಚು ಹೃದಯ ವೈಫಲ್ಯದ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇ. 40 ಮಂದಿಗೆ ಹೃದಯದ್ದಲ್ಲದ ಐದು ಅಥವಾ ಅದಕ್ಕೂ ಹೆಚ್ಚು ಕಾಯಿಲೆಗಳಿದ್ದವು. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ 1205 ರೋಗಿಗಳನ್ನು ಸೇರಿಸಿಕೊಂಡು ನಡೆದ ನೋಂದಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿತ್ತು. ಅವರ ಸರಾಸರಿ ವಯಸ್ಸು 61. ಮಕ್ಕಳ ಮದುವೆ, ಮನೆ ಸಾಲ ಇನ್ನೂ ಮುಗಿಯದ ವಯಸ್ಸು ಅದು.

ಈ ಜೊತೆಬೇನೆಗಳನ್ನು ನಾವು ಒಂದೊಂದನ್ನು ಒಬ್ಬೊಬ್ಬ ಡಾಕ್ಟರ ಬಳಿಗೆ ಒಯ್ಯುತ್ತೇವೆ. ಫೈಲುಗಳು ಬೇರೆ, ಚೀಟಿಗಳು ಬೇರೆ. ದೇಹದೊಳಗೆ ಮಾತ್ರ ಅವೆಲ್ಲ ಅದೇ ರಕ್ತ, ಅದೇ ಉಪ್ಪು, ಅದೇ ನೀರನ್ನು ಹಂಚಿಕೊಂಡು ಬದುಕುತ್ತವೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದರ ಬಾಗಿಲು ತಟ್ಟದೆ ಬಿಡುವುದಿಲ್ಲ.

ಮೂತ್ರಪಿಂಡದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಆರಾಮವಾಗಿ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಐದರಲ್ಲೊಂದು ಪಾಲು, ಅಂದರೆ ಒಂದು ಲೀಟರಿನಷ್ಟು, ಎರಡೂ ಸೇರಿ 300 ಗ್ರಾಂ ತೂಗುವ ಮೂತ್ರಪಿಂಡಗಳಿಗೇ ಹೋಗುತ್ತದೆ. ಹೃದಯ ದಣಿದಾಗ ಈ ಪಾಲು ಕಡಿಮೆಯಾಗುತ್ತದೆ. ಯಾಕೆ ಕಡಿಮೆಯಾಯಿತೆಂಬುದು ಮೂತ್ರಪಿಂಡಕ್ಕೆ ತಿಳಿಯದು. ಗಾಯವಾಗಿ ರಕ್ತ ಹರಿದುಹೋಗಿದೆಯೋ, ನೀರು ಸಿಗದೆ ಮೈ ಒಣಗಿದೆಯೋ ಎಂದುಕೊಂಡು ಅದು ಜೀವ ಉಳಿಸುವ ಹಳೆಯ ಕೆಲಸಕ್ಕೆ ಇಳಿಯುತ್ತದೆ: ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ. ಹೊಲದಲ್ಲಿ ಬಿಸಿಲಿಗೆ ಬವಳಿದವನನ್ನು ಬದುಕಿಸುವ ಈ ಉಪಾಯವೇ ಇಲ್ಲಿ ಮುಳುಗಿಸುತ್ತದೆ. ಮೊದಲೇ ಸೋತ ಹೃದಯದ ಮೇಲೆ ಇನ್ನಷ್ಟು ನೀರಿನ ಹೊರೆ ಬೀಳುತ್ತದೆ. ಹಿಂದಕ್ಕೆ ಒತ್ತರಿಸಿದ ರಕ್ತ ಮೂತ್ರಪಿಂಡದ ಅಭಿಧಮನಿಗಳಲ್ಲೂ ತುಂಬಿಕೊಂಡು ಅದರ ಸೋಸುವ ಕೆಲಸವನ್ನು ಇನ್ನೂ ನಿಧಾನ ಮಾಡುತ್ತದೆ.

ದೊಡ್ಡಮ್ಮನ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಬಿಟ್ಟೆ. ರಾಗಿ ಮುದ್ದೆಗೆ ಬೆರಳಿಟ್ಟ ಹಾಗೆ ಗುಳಿ ಬಿತ್ತು. ಬಿಟ್ಟ ಮೇಲೂ ಎಷ್ಟೋ ಹೊತ್ತು ಹಾಗೇ ಇತ್ತು. ಮೂತ್ರಪಿಂಡ ಹಿಡಿದಿಟ್ಟ ನೀರು ಅದು.

ಮಂಡಿನೋವಿನ ಮಾತ್ರೆ ಮಾಡುವ ಕೆಲಸ ಈಗ ಅರ್ಥವಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಇಕ್ಕಟ್ಟಿನ ಕಾಲದಲ್ಲಿ ಮೂತ್ರಪಿಂಡಕ್ಕೆ ರಕ್ತ ಬರುವ ಸಣ್ಣ ನಾಳಗಳನ್ನು ತೆರೆದಿಟ್ಟಿರುವುದೂ ಅದೇ ರಾಸಾಯನಿಕ. ಅದನ್ನು ತಡೆದರೆ ನೋವೇನೋ ಇಳಿಯುತ್ತದೆ, ಆದರೆ ಮೂತ್ರಪಿಂಡ ಬಾಗಿಲು ಇನ್ನಷ್ಟು ಮುಚ್ಚುತ್ತದೆ. ಬೆಳಿಗ್ಗೆ ನುಂಗಿದ ನೀರಿಳಿಸುವ ಮಾತ್ರೆಯ ಕೆಲಸವನ್ನು ಮಧ್ಯಾಹ್ನದ ನೋವಿನ ಮಾತ್ರೆ ಅಳಿಸಿಹಾಕುತ್ತದೆ. ನೀರಿಳಿಸುವ ಮಾತ್ರೆ, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಇವೆರಡರ ಜೊತೆ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡಕ್ಕೆ ದಿಢೀರನೆ ಪೆಟ್ಟು ಬೀಳಬಹುದು. ಹೃದಯ ವೈಫಲ್ಯವಿರುವವರು ಕೇಳದೆ ನುಂಗಬಾರದ ಮಾತ್ರೆ ಯಾವುದೆಂದು ಒಂದೇ ಒಂದನ್ನು ಹೇಳಬೇಕಾದರೆ ನಾನು ಇದನ್ನೇ ಹೇಳುತ್ತೇನೆ, ಅದೂ ಗಟ್ಟಿಯಾಗಿ. ನಮ್ಮಲ್ಲಿ ಇದು ಬಿಡಿ ಬಿಡಿಯಾಗಿ, ಚೀಟಿಯಿಲ್ಲದೆ ಕೈಗೆ ಸಿಗುತ್ತದೆ.

ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ಹೃದಯದ ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ರಿಪೋರ್ಟಿನಲ್ಲಿ ದಪ್ಪ ಅಕ್ಷರ ಕಂಡ ಕೂಡಲೇ “ಕಿಡ್ನಿ ಹೋಯಿತು” ಎಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಸಣ್ಣ ಏರಿಕೆ ನಿರೀಕ್ಷಿತವೇ; ಎಲ್ಲಿಯವರೆಗೆ ಸಹಿಸಬಹುದೆಂದು ಡಾಕ್ಟರು ಲೆಕ್ಕ ಇಟ್ಟಿರುತ್ತಾರೆ. ಉಪ್ಪಿನ ಬದಲು ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನ ಬಗ್ಗೆಯೂ ಒಂದು ಮಾತು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಸೇರಿರುತ್ತದೆ. ಮೂತ್ರಪಿಂಡ ಸೋತವರಿಗೆ, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಪೊಟ್ಯಾಸಿಯಂ ಏರಿದರೆ ಹೃದಯದ ಲಯವೇ ತಪ್ಪಬಹುದು. ಸಾದಾ ಉಪ್ಪನ್ನೇ ಕಡಿಮೆ ಹಾಕಿಕೊಂಡು, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ದೂರವಿಡುವುದು ಕ್ಷೇಮ.

ಸಕ್ಕರೆ ಕಾಯಿಲೆಗೂ ಹೃದಯ ವೈಫಲ್ಯಕ್ಕೂ ಇರುವ ನಂಟು ಮೊದಲು ಸ್ಪಷ್ಟವಾದದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ಅಲ್ಲಿನ ಜನರ ಹೃದಯದ ಆರೋಗ್ಯವನ್ನು 1948ರಿಂದ ಬಿಡದೆ ಗಮನಿಸುತ್ತ ಬಂದಿದ್ದಾರೆ. ಸಕ್ಕರೆ ಕಾಯಿಲೆಯಿದ್ದ ಗಂಡಸರಲ್ಲಿ ಹೃದಯ ವೈಫಲ್ಯ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಐದು ಪಟ್ಟು ಎಂದು 1974ರಲ್ಲಿ ಅಲ್ಲಿಂದ ವರದಿ ಬಂತು. ಸಕ್ಕರೆ ಇಳಿಸುವ ಮದ್ದುಗಳಲ್ಲೇ ಹೃದಯಕ್ಕೆ ಆಗದವೂ ಇವೆ. ಪಯೊಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಆದ್ದರಿಂದ ಹೃದಯ ವೈಫಲ್ಯವಿದ್ದವರಿಗೆ ಅದು ಬೇಡ. ಹಾಗೆಯೇ ಹೃದಯವನ್ನು ಕಾಯುವ ಮದ್ದೂ ಇಲ್ಲಿಯೇ ಸಿಕ್ಕಿತು. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಬೇರ್ಪಡಿಸಿದ ಫ್ಲೊರಿಜಿನ್ ಎಂಬ ಕಹಿ ವಸ್ತು ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುತ್ತಿತ್ತು. ಅದೇ ದಾರಿ ಹಿಡಿದು ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಬಂದವು. ಹೃದಯ ವೈಫಲ್ಯದಲ್ಲಿ ಈ ಮಾತ್ರೆ ಸಾವನ್ನೂ ಆಸ್ಪತ್ರೆಯ ಓಡಾಟವನ್ನೂ ತಗ್ಗಿಸುತ್ತದೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಕೂಡ, ಎಂದು 2019ರ ದೊಡ್ಡ ಪ್ರಯೋಗ ತೋರಿಸಿತು. ಮರುವರ್ಷ ಮೂತ್ರಪಿಂಡಕ್ಕೂ ಅದರಿಂದ ಒಳಿತೆಂದು ಗೊತ್ತಾಯಿತು. ಮೂರು ಬೇನೆಗಳ ಬೇರು ಎಲ್ಲೋ ಒಂದು ಕಡೆ ಕೂಡಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಬ್ಬಿಣಾಂಶದ ಕೊರತೆ ಕಣ್ಣಿಗೆ ಬೀಳದ ಜೊತೆಬೇನೆ. ಹೃದಯ ವೈಫಲ್ಯವಿರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇದಿರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಇರಬಹುದು, ಅಲ್ಲೇ ಮೋಸ. ಸ್ನಾಯುಗಳು ಶಕ್ತಿ ತಯಾರಿಸಲು ಕಬ್ಬಿಣ ಬೇಕು, ಹೃದಯವೂ ಸ್ನಾಯುವೇ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆಗಳನ್ನು ಕೇಳಿ ಮಾಡಿಸಬೇಕಾಗುತ್ತದೆ. ಸುಸ್ತೆಂದ ಕೂಡಲೇ ಬೆಲ್ಲ, ಖರ್ಜೂರ ತಿನ್ನಿಸುವುದು ನಮ್ಮ ಮನೆಗಳ ವಾಡಿಕೆ. ಜೊತೆಗೆ ಸಕ್ಕರೆ ಕಾಯಿಲೆಯಿದ್ದವರಿಗೆ ಆ ಪ್ರೀತಿಯೇ ತೊಂದರೆ. ಬಾಯಿಂದ ಕೊಟ್ಟ ಕಬ್ಬಿಣದ ಮಾತ್ರೆಯಿಂದಲೂ ಇಂಥವರ ನಡೆಯುವ ತ್ರಾಣ ಹೆಚ್ಚಲಿಲ್ಲವೆಂದು 2017ರ ಪ್ರಯೋಗವೊಂದು ಕಂಡುಕೊಂಡಿತು. ದೀರ್ಘಕಾಲದ ಉರಿಯೂತದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಕಬ್ಬಿಣ ಒಳಬರದಂತೆ ಕರುಳಿನಲ್ಲೇ ತಡೆಯುತ್ತದೆ. ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೇ ಕೊಟ್ಟಾಗ ಉಸಿರು, ನಡಿಗೆ, ದಿನದ ಬದುಕು ಸುಧಾರಿಸಿದ್ದನ್ನು 2009ರಷ್ಟು ಹಿಂದೆಯೇ ತೋರಿಸಲಾಗಿತ್ತು.

ಶ್ವಾಸಕೋಶದ ಕಾಯಿಲೆಯದು ಗುರುತು ತಪ್ಪಿಸುವ ಕೆಲಸ. ಸೌದೆ ಒಲೆಯ ಮುಂದೆ ಮೂವತ್ತು ವರ್ಷ ಕೂತ ಹೆಂಗಸರಿಗೂ, ಬೀಡಿ ಸೇದಿದವರಿಗೂ ಏದುಸಿರು ಇದ್ದದ್ದೇ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅಂಗಾತ ಮಲಗಿದರೆ ಉಸಿರು ಕಟ್ಟಿ, ಎದ್ದು ಕೂತರೆ ಹಗುರವಾದರೆ ಹೃದಯವನ್ನೂ ನೋಡಿಸಬೇಕು. ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಹೃದಯದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯುವ ಅಪಾಯ ಅಲ್ಲಿರುತ್ತದೆ, ತಡಮಾಡಬಾರದು.

ರಾತ್ರಿಯ ಉಸಿರಿನಲ್ಲಿ ಇನ್ನೊಂದು ಸೂಚನೆಯಿದೆ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಕೇಳಿಸುವಂಥದ್ದು: ಉಸಿರು ಮೆಲ್ಲಮೆಲ್ಲಗೆ ಆಳವಾಗುತ್ತ ಹೋಗಿ, ಮತ್ತೆ ಮೆಲ್ಲಮೆಲ್ಲಗೆ ಇಳಿದು, ಪೂರ್ತಿ ನಿಂತು, ಕೇಳುವವರ ಎದೆ ಝಲ್ಲೆಂದ ಮೇಲೆ ಪುನಃ ಶುರುವಾಗುತ್ತದೆ. ಡಬ್ಲಿನ್ ನಗರದ ಜಾನ್ ಚೇಯ್ನ್ 1818ರಲ್ಲಿಯೂ, ವಿಲಿಯಂ ಸ್ಟೋಕ್ಸ್ 1854ರಲ್ಲಿಯೂ ಇದನ್ನು ಬಣ್ಣಿಸಿದರು, ಇಬ್ಬರ ಹೆಸರೂ ಅದಕ್ಕೆ ಉಳಿಯಿತು. ರೋಗಿಗೆ ಇದರ ಅರಿವೇ ಇರುವುದಿಲ್ಲ. ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರೂ ಹೋಗಬೇಕು.

ಮನಸ್ಸಿನದು ಕೊನೆಗೆ ಬಂತು, ಆಸ್ಪತ್ರೆಯಲ್ಲೂ ಅದರ ಸರದಿ ಕೊನೆಗೇ ಬರುತ್ತದೆ. ಈ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆಯಿರುತ್ತದೆ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಎರಡಕ್ಕೂ ಸಮಾನ ಲಕ್ಷಣಗಳಾದ್ದರಿಂದ ಮನೆಯವರು “ವಯಸ್ಸಾಯಿತು” ಎಂದುಬಿಡುತ್ತಾರೆ. ದೊಡ್ಡಮ್ಮ ಹೂ ಕಟ್ಟುವುದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು. ನಮಗದು ಬೇನೆಯ ಲೆಕ್ಕದಲ್ಲೇ ಬಂದಿರಲಿಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಮೊರದಲ್ಲಿದ್ದದ್ದನ್ನೆಲ್ಲ, ಆ ತುಂಡು ಸ್ಟ್ರಿಪ್ಪಿನ ಸಮೇತ, ಹಾಗೇ ಕವರಿಗೆ ತುಂಬಿಕೊಂಡು ಸೋಮವಾರ ಹೃದಯದ ಡಾಕ್ಟರ ಮೇಜಿನ ಮೇಲೆ ಸುರಿದೆವು. ಅವರು ಮಂಡಿನೋವಿನದನ್ನು ತೆಗೆದು, ಅಳತೆಯಾಗಿ ಪ್ಯಾರಾಸಿಟಮಾಲ್ ಬರೆದು, ಫಿಸಿಯೋಥೆರಪಿಗೆ ಕಳಿಸಿದರು. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು, ಮೂರು ದಿನದಲ್ಲಿ 2 ಕಿಲೋ ಏರಿದರೆ ಊತಕ್ಕೆ ಕಾಯದೆ ಫೋನ್ ಮಾಡಬೇಕು ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈಗ ಆ ಅಂಕಿಗಳಿವೆ: 61, 60.5, 60, 59.5. ದೊಡ್ಡಮ್ಮ ತಮ್ಮ ಕೈಯಿಂದಲೇ ಬರೆಯುತ್ತಾರೆ.