ಹೊರಡುವ ದಿನದ ಲೆಕ್ಕ

ಯುರೋಪಿನ ಪ್ರವಾಸ ಮುಗಿಸಿ ಬಂದ ನಮ್ಮ ಬಾಂಧವರನ್ನು ಮಾತನಾಡಿಸಿದರೆ ಮೊದಲ ದಿನದ ಸಮಾಚಾರವನ್ನು ಬೇಕಾದಷ್ಟು ಹೇಳುತ್ತಾರೆ. ಪ್ಯಾರಿಸ್ಸಿನಲ್ಲಿ ಇಳಿದದ್ದು, ಐಫೆಲ್ ಗೋಪುರವನ್ನು ದೂರದಿಂದಲೇ ಗುರುತು ಹಿಡಿದದ್ದು, ಚಳಿಗೆ ನಡುಗಿದ್ದು, ಎಲ್ಲವೂ ನೆನಪಿನಲ್ಲಿರುತ್ತದೆ. ಕೊನೆಯ ದಿನ ಏನು ಮಾಡಿದಿರಿ ಎಂದು ಕೇಳಿ ನೋಡಿ: "ಅಯ್ಯೋ, ಪೆಟ್ಟಿಗೆ ಕಟ್ಟುವುದರಲ್ಲಿಯೇ ಹೋಯಿತು" ಎಂದೋ, "ಓಡಿ ಓಡಿ ವಿಮಾನ ಹಿಡಿದೆವು" ಎಂದೋ ಉತ್ತರ ಬರುತ್ತದೆ. ಮೊದಲ ದಿನಕ್ಕೆ ತೆತ್ತಷ್ಟೇ ಹಣವನ್ನು ಕೊನೆಯ ದಿನಕ್ಕೂ ತೆತ್ತಿರುತ್ತೇವೆ. ಆದರೂ ಆ ದಿನ ಯಾರ ಜಮೆಗೂ ಸೇರುವುದಿಲ್ಲ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. ಹಡಗಿನಲ್ಲಿ ಹೋಗಿ ಹಡಗಿನಲ್ಲಿಯೇ ಮರಳುತ್ತಿದ್ದ ಕಾಲದಲ್ಲಿ, ಸುವೇಜ್ ಕಾಲುವೆ ದಾಟಿ ಮುಂಬಯಿಯ ಬ್ಯಾಲಾರ್ಡ್ ಪಿಯರ್ ಮುಟ್ಟುವುದಕ್ಕೆ ಎರಡು ಮೂರು ವಾರ ಹಿಡಿಯುತ್ತಿತ್ತು. ಕಂಡದ್ದನ್ನೆಲ್ಲ ಮೆಲುಕು ಹಾಕಲು ಅಷ್ಟು ವಿರಾಮವಿತ್ತು. ಈಗ ಮಧ್ಯಾಹ್ನ ಆಲ್ಪ್ಸ್ ಪರ್ವತವನ್ನು ನೋಡಿದವನು ಮರುದಿನ ಮಧ್ಯಾಹ್ನ ಮಾಟುಂಗದ ತರಕಾರಿ ಅಂಗಡಿಯಲ್ಲಿ ನಿಂತಿರುತ್ತಾನೆ. ನಡುವೆ ಉಳಿಯುವ ಬಿಡುವೆಂದರೆ ಆ ಕೊನೆಯ ಹಗಲೊಂದೇ.

ಕಳೆದ ಜೂನ್ ತಿಂಗಳಿನಲ್ಲಿ ನಾವು ನಾಲ್ವರು ಹನ್ನೆರಡು ದಿನದ ಪ್ರವಾಸ ಹೋಗಿದ್ದೆವು: ನಾವಿಬ್ಬರು, ಕಾಲೇಜಿನಲ್ಲಿ ಓದುತ್ತಿರುವ ಚಿರಂಜೀವಿ, ಮತ್ತು ಎಪ್ಪತ್ತೇಳು ವರ್ಷದ ನಮ್ಮ ತಾಯಿಯವರು. ಮೊದಲು ಪ್ಯಾರಿಸ್, ಅಲ್ಲಿಂದ ರೈಲಿನಲ್ಲಿ ಸ್ವಿಟ್ಜರ್‌ಲೆಂಡಿನ ಲೂಸರ್ನ್, ಕೊನೆಗೆ ಝೂರಿಕ್. ಝೂರಿಕ್ಕಿನಿಂದಲೇ ರಾತ್ರಿ ಒಂಬತ್ತೂವರೆಯ ವಿಮಾನ. ಈ ಮಾರ್ಗವನ್ನು ನಮ್ಮವರು ಬಹಳ ಮಂದಿ ಹಿಡಿಯುತ್ತಾರೆ. ಆದುದರಿಂದ ನಮ್ಮ ಕೊನೆಯ ದಿನದ ಲೆಕ್ಕ ಇತರರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಆ ದಿನಕ್ಕಾಗಿ ಲೂಸರ್ನಿನಲ್ಲಿಯೇ ಮನೆಯೊಳಗೊಂದು ಸಭೆ ಸೇರಿತು. ಚಿರಂಜೀವಿಗೆ ಯುಂಗ್‌ಫ್ರಾವ್ ಯೋಖ್ ನೋಡುವ ಹಂಬಲ. ೩,೪೫೪ ಮೀಟರು ಎತ್ತರದಲ್ಲಿರುವ ರೈಲು ನಿಲ್ದಾಣವದು. ಬಂಡೆಯನ್ನು ಕೊರೆದು ಮಾಡಿದ ಸುರಂಗದಲ್ಲಿ ೧೯೧೨ರಿಂದ ರೈಲು ಓಡುತ್ತಿದೆ. ಅವನ ಆಸೆ ತಪ್ಪಲ್ಲ. ಆದರೆ ಲೂಸರ್ನಿನಿಂದಾಗಲಿ ಝೂರಿಕ್ಕಿನಿಂದಾಗಲಿ ಅಲ್ಲಿಗೆ ಹೋಗಿ ಬರುವುದಕ್ಕೆ ಇಡೀ ಒಂದು ಹಗಲು ಬೇಕು. ಹತ್ತಾರು ಕಡೆ ರೈಲು ಬದಲಿಸುವ ಕಷ್ಟವೇನೂ ಇಲ್ಲ, ಎರಡು ಮೂರು ಕಡೆ ಸಾಕು. ಆದರೆ ಸಂಜೆ ಆರಕ್ಕೆ ವಿಮಾನ ನಿಲ್ದಾಣದಲ್ಲಿರಬೇಕಾದವನು ಬೆಳಿಗ್ಗೆ ಪರ್ವತದ ತಲೆಯ ಮೇಲಿದ್ದರೆ, ಅವನು ನೋಡುವುದು ಹಿಮವನ್ನಲ್ಲ, ಕೈಗಡಿಯಾರವನ್ನು. ಇದಲ್ಲದೆ ಮೋಡ ಕವಿದರೆ ಅಷ್ಟು ಹಣ ಕೊಟ್ಟೂ ಬಿಳಿಯ ಗೋಡೆ ಕಂಡಂತಾಗುತ್ತದೆ. ಪರ್ವತಕ್ಕೆ ಹೋಗುವವರು ಮುಂದೆ ಎರಡು ದಿನವಾದರೂ ಕೈಯಲ್ಲಿರುವಾಗ ಹೋಗಬೇಕು. ಇಂದು ಮೋಡವಿದ್ದರೆ ನಾಳೆ ಎನ್ನಬಹುದು. ಹೀಗೆ ಲೂಸರ್ನಿನ ಎರಡನೆಯ ದಿನವೇ ಅವನನ್ನು ಅಲ್ಲಿಗೆ ಕಳುಹಿಸಿದೆವು. ಕೊನೆಯ ದಿನ ಬರಿದಾಗಿಯೇ ಉಳಿಯಿತು.

ಆ ಬರಿದಾದ ದಿನ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಮನೆಯವರೇ ಹೇಳಿದರು: "ಅಮ್ಮ ಹನ್ನೊಂದು ದಿನದಿಂದ ನಮ್ಮ ಹಿಂದೆ ಬರುತ್ತಿದ್ದಾರೆ. ತಾವಾಗಿ ಏನೂ ಕೇಳಿಲ್ಲ." ಅದು ನಿಜ. ವಸ್ತುಸಂಗ್ರಹಾಲಯದ ಬೆಂಚಿನ ಮೇಲೆ ಕುಳಿತಿರಿ ಎಂದರೆ ಕುಳಿತಿದ್ದರು. ನಡೆಯಿರಿ ಎಂದರೆ ನಡೆದಿದ್ದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವ ನಮ್ಮ ಎಷ್ಟೋ ಸಂಸಾರಗಳಲ್ಲಿ ಹೀಗೆಯೇ ಆಗುತ್ತದೆ. ಅವರು ಇನ್ನೊಮ್ಮೆ ಬರುವುದು ಬಹುಶಃ ಇಲ್ಲ ಎಂಬುದು ಎಲ್ಲರಿಗೂ ತಿಳಿದಿರುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೇಳಿದಾಗ ಅಮ್ಮ ಮೊದಲು "ನನಗೆಂತದು, ನಿಮಗೆ ಬೇಕಾದ್ದು ನೋಡಿ" ಎಂದರು. ಎರಡನೆಯ ಸಲ ಕೇಳಿದಾಗ, "ಇಲ್ಲಿ ಯಾವುದಾದರೂ ದಬೆದಬೆ ಇದ್ದರೆ ನೋಡಬಹುದಿತ್ತು" ಎಂದರು. ಅವರ ತವರು ಸಾಗರದ ಕಡೆ. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಆಗುವುದಕ್ಕೆ ಮುಂಚೆ, ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಮಳೆಗಾಲದ ಜೋಗವನ್ನು ಕಂಡವರು.

ಅದೃಷ್ಟಕ್ಕೆ ಝೂರಿಕ್ಕಿನಿಂದ ರೈಲಿನಲ್ಲಿ ಸುಮಾರು ಐವತ್ತು ನಿಮಿಷಕ್ಕೆ ಷಾಫ್‌ಹೌಸನ್ ಊರಿನ ಬಳಿ ರೈನ್ ನದಿಯ ಜಲಪಾತವಿದೆ. ಹೀಗೆ ದಿನದ ತಿರುಳು ಗೊತ್ತಾಯಿತು. ಉಳಿದದ್ದನ್ನು ಅದರ ಸುತ್ತ ಹೊಂದಿಸಿದೆವು.

ಹೊಂದಿಸುವ ಕ್ರಮವನ್ನು ಹೇಳುತ್ತೇವೆ. ಬೆಳಿಗ್ಗೆಯಿಂದ ಎಣಿಸುತ್ತ ಬರಬಾರದು. ವಿಮಾನದಿಂದ ಹಿಂದಕ್ಕೆ ಎಣಿಸಬೇಕು. ಒಂಬತ್ತೂವರೆಗೆ ವಿಮಾನವೆಂದರೆ ಆರು ಗಂಟೆಗೆ ನಿಲ್ದಾಣ. ಝೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲಿಯೇ ರೈಲು ಬಂದು ನಿಲ್ಲುತ್ತದೆ. ಊರಿನ ಮುಖ್ಯ ನಿಲ್ದಾಣದಿಂದ ಅಲ್ಲಿಗೆ ಹತ್ತು ಹನ್ನೆರಡು ನಿಮಿಷದ ದಾರಿ. ಆದುದರಿಂದ ಐದಕ್ಕೆ ಹೋಟೆಲಿನಿಂದ ಪೆಟ್ಟಿಗೆಗಳನ್ನು ತೆಗೆದುಕೊಂಡರೆ ಸಾಕು. ಕೋಣೆಯನ್ನು ಬೆಳಿಗ್ಗೆಯೇ ಬಿಡಬೇಕಾಗುತ್ತದೆ, ಆದರೆ ಸಾಮಾನನ್ನು ಸಂಜೆಯವರೆಗೆ ಹೋಟೆಲಿನವರೇ ಇರಿಸಿಕೊಳ್ಳುತ್ತಾರೆ. ಇಲ್ಲವೆಂದರೆ ಮುಖ್ಯ ನಿಲ್ದಾಣದಲ್ಲಿ ಬಾಡಿಗೆಯ ಬೀರುಗಳಿವೆ. ಪಾಸ್‌ಪೋರ್ಟ್ ಮಾತ್ರ ಪೆಟ್ಟಿಗೆಯಲ್ಲಿ ಬೇಡ, ಮೈಮೇಲೆಯೇ ಇರಲಿ. ಜಲಪಾತಕ್ಕೆ ಹೋಗುವ ರೈಲುಗಳಲ್ಲಿ ಒಂದು ಮಾರ್ಗ ನಡುವೆ ಕೆಲವು ಮೈಲಿ ಜರ್ಮನಿಯ ನೆಲದ ಮೇಲೆಯೇ ಹಾಯುತ್ತದೆ!

ಲೂಸರ್ನಿನಿಂದಲೂ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಒಂದು ಗಂಟೆಗೆ ಸ್ವಲ್ಪ ಹೆಚ್ಚು. ರಾತ್ರಿಯ ವಿಮಾನವಾದರೆ ಅಲ್ಲಿಯೇ ತಂಗಿ ಬರಲೂಬಹುದು. ಬೆಳಗಿನ ವಿಮಾನದವರು ಹಿಂದಿನ ರಾತ್ರಿಯೇ ಝೂರಿಕ್ಕಿಗೆ ಬಂದು ಮಲಗುವುದು ಮೇಲು. ರೈಲಿನ ಪಾಸ್ ಕೊಳ್ಳುವವರಿಗೂ ಹಿಂದಿನಿಂದ ಎಣಿಸುವ ಈ ಕ್ರಮವೇ ಅನುಕೂಲ. ಸ್ವಿಸ್ ಟ್ರಾವಲ್ ಪಾಸ್ ಎಂಬುದು ಮೂರು, ನಾಲ್ಕು, ಆರು, ಎಂಟು, ಹದಿನೈದು ದಿನಗಳದ್ದು ದೊರೆಯುತ್ತದೆ, ಎಡೆಬಿಡದ ದಿನಗಳು. ಹೊರಡುವ ದಿನವನ್ನು ಕೊನೆಯದಾಗಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಜಲಪಾತದ ರೈಲು, ಊರಿನ ಟ್ರಾಂ, ಸರೋವರದ ದೋಣಿ, ವಿಮಾನ ನಿಲ್ದಾಣದ ಪಯಣ ಎಲ್ಲವೂ ಅದರಲ್ಲಿಯೇ ಸಾಗುತ್ತದೆ.

ವೀಸಾದ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟಕ್ಕೆ ಸೇರಿಲ್ಲ, ಆದರೆ ೨೦೦೮ರ ಡಿಸೆಂಬರಿನಿಂದ ಷೆಂಗೆನ್ ಏರ್ಪಾಡಿನಲ್ಲಿದೆ. ನಮ್ಮ ವೀಸಾದ ಚೀಟಿಯಲ್ಲಿ ಎರಡು ಸಂಗತಿ ಬೇರೆ ಬೇರೆ ಬರೆದಿರುತ್ತದೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದೊಂದು, ಒಟ್ಟು ಎಷ್ಟು ದಿನ ಎಂಬುದೊಂದು. ಬಂದ ದಿನ, ಹೊರಟ ದಿನ ಎರಡೂ ಎಣಿಕೆಗೆ ಸೇರುತ್ತವೆ. ಹನ್ನೆರಡೇ ದಿನದ ಅನುಮತಿಯಿದ್ದವನು ಹನ್ನೆರಡನೆಯ ದಿನ ವಿಮಾನ ತಪ್ಪಿಸಿಕೊಂಡರೆ ಟಿಕೆಟಿನ ಹಣದೊಂದಿಗೆ ಅನುಮತಿಯೂ ಮುಗಿದುಹೋಗುತ್ತದೆ. ೨೦೨೫ರ ಅಕ್ಟೋಬರ್ ೧೨ರಿಂದ ಈ ನಾಡುಗಳ ಗಡಿಯಲ್ಲಿ ಹೊಸ ಪದ್ಧತಿ ಆರಂಭವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದರ ಬದಲು ಮುಖದ ಚಿತ್ರ, ಬೆರಳ ಗುರುತುಗಳೊಡನೆ ಬಂದ ದಿನ ಹೋದ ದಿನಗಳನ್ನು ಗಣಕಯಂತ್ರವೇ ಬರೆದಿಟ್ಟುಕೊಳ್ಳುತ್ತದೆ. ಒಂದು ದಿನ ಹೆಚ್ಚಾದರೂ ಅದಕ್ಕೆ ತಿಳಿಯುತ್ತದೆ. ಆದುದರಿಂದಲೇ ಕೊನೆಯ ದಿನ ದೂರ ಹೋಗಬೇಡಿ ಎನ್ನುವುದು.

ಜಲಪಾತಕ್ಕೆ ಬರೋಣ. ಒಂಬತ್ತೂವರೆಯ ರೈಲು ಹಿಡಿದು ಹತ್ತೂವರೆಯ ಹೊತ್ತಿಗೆ ನದಿಯ ಎದುರಿಗಿದ್ದೆವು. ಅಂಕಿಗಳನ್ನು ಕೇಳಿದರೆ ನಮ್ಮ ಕಡೆಯವರಿಗೆ ನಗು ಬಂದೀತು. ಜೋಗದ ಎತ್ತರ ೨೫೩ ಮೀಟರು. ಇದರದು ೨೩ ಮೀಟರು. ಆದರೆ ಅಗಲ ೧೫೦ ಮೀಟರು, ಮತ್ತು ಅಷ್ಟಗಲಕ್ಕೂ ನೀರು. ಆಲ್ಪ್ಸಿನ ಹಿಮ ಕರಗುವ ಜೂನ್ ಜುಲೈಗಳಲ್ಲಿಯೇ ಪ್ರವಾಹ ಅತ್ಯಧಿಕ. ನಡುಮಧ್ಯದಲ್ಲಿ ಒಂದು ಬಂಡೆ ತಲೆಯೆತ್ತಿ ನಿಂತಿದೆ. ದೋಣಿಯವರು ಅಲ್ಲಿಯವರೆಗೆ ಒಯ್ದು ಮೇಲೆ ಹತ್ತಲು ಬಿಡುತ್ತಾರೆ. ಚಿರಂಜೀವಿ ಹತ್ತಿದ. ಎದುರು ದಡದ ಲೌಫನ್ ಕೋಟೆಯ ಕಡೆ ಲಿಫ್ಟು ಇರುವುದರಿಂದ ಮೊಣಕಾಲು ನೋವಿನವರೂ ನೀರಿನ ಹತ್ತಿರಕ್ಕೆ ಹೋಗಬಹುದು. ಕಟಕಟೆಯ ಬಳಿ ನಿಂತರೆ ತುಂತುರು ಮುಖಕ್ಕೆ ಹೊಡೆಯುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ. ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತರು. ಆಮೇಲೆ ನಮ್ಮ ಕಿವಿಯ ಹತ್ತಿರ ಬಂದು, "ಎತ್ತರ ಎಂತದ್ದೂ ಇಲ್ಲ ಮಾರಾಯ. ಆದರೆ ನೀರು ನೋಡು, ಆಗ ನಮ್ಮಲ್ಲಿ ಇದ್ದ ಹಾಗೆ!" ಎಂದರು. ಹನ್ನೆರಡು ದಿನದಲ್ಲಿ ತಾವಾಗಿ ಒಂದು ಸ್ಥಳದ ವಿಷಯ ಅವರು ಮಾತನಾಡಿದ್ದು ಅದೇ. ದೋಣಿ ಬೇಕೆ ಎಂದರೆ ಬೇಡವೆಂದರು. ಇನ್ನೂ ಅರ್ಧ ಗಂಟೆ ಕುಳಿತಿರೋಣವೆಂದರು. ಮುಂದೆ ನೋಡಲೇಬೇಕಾದ್ದು ಏನೂ ಇರಲಿಲ್ಲವಾದ್ದರಿಂದ ಒಂದು ಗಂಟೆ ಕುಳಿತೆವು.

ಮಧ್ಯಾಹ್ನ ಝೂರಿಕ್ಕಿಗೆ ಹಿಂತಿರುಗಿ ಊಟ. ಶಾಕಾಹಾರಿಗಳಿಗೆ ಈ ಊರಿನಲ್ಲಿ ಚಿಂತೆಯಿಲ್ಲ. ಹಿಲ್ಟ್ಲ್ ಎಂಬ ಶಾಕಾಹಾರದ ಹೋಟೆಲು ೧೮೯೮ರಿಂದ ನಡೆದುಬಂದಿದೆ; ಭಾರತದ ಅಡಿಗೆಗಳೂ ಅಲ್ಲಿ ದೊರೆಯುತ್ತವೆ. ಬೆಲೆಯನ್ನು ರೂಪಾಯಿಗೆ ಪರಿವರ್ತಿಸುವ ಗೋಜಿಗೆ ಹೋಗದಿದ್ದರೆ ಊಟ ರುಚಿಸುತ್ತದೆ. ಊಟವಾದ ಮೇಲೆ ಶಕ್ತಿಯಿದ್ದವರು ಹಳೆಯ ಪೇಟೆಯಲ್ಲಿ ನಡೆಯಬಹುದು. ಸಂತ ಪೀಟರನ ಚರ್ಚಿನ ಗಡಿಯಾರದ ಮುಖ ೮.೭ ಮೀಟರು ಅಡ್ಡಳತೆಯದು, ಯುರೋಪಿನ ಚರ್ಚುಗಳಲ್ಲೆಲ್ಲ ದೊಡ್ಡದು. ಹತ್ತಿರದ ಫ್ರೌಮ್ಯುನ್‌ಸ್ಟರ್ ಚರ್ಚಿನಲ್ಲಿ ಚಿತ್ರಕಾರ ಮಾರ್ಕ್ ಷಗಾಲ್ ಎಂಬತ್ತು ದಾಟಿದ ವಯಸ್ಸಿನಲ್ಲಿ ರಚಿಸಿದ ಬಣ್ಣಗಾಜಿನ ಐದು ಕಿಟಕಿಗಳಿವೆ, ೧೯೭೦ರಲ್ಲಿ ಕೂರಿಸಿದವು. ಮಳೆ ಬಂದರೆ ಮುಖ್ಯ ನಿಲ್ದಾಣದ ಹಿಂಬದಿಯಲ್ಲಿಯೇ ರಾಷ್ಟ್ರೀಯ ವಸ್ತುಸಂಗ್ರಹಾಲಯವುಂಟು. ನಾವು ಸರೋವರದ ದಂಡೆಯ ಬೆಂಚಿನ ಮೇಲೆ ಕುಳಿತು ಹಂಸಗಳನ್ನು ನೋಡಿದೆವು. ನೋಡದೆ ಬಿಟ್ಟರೂ ವ್ಯಸನವಾಗದಂಥವನ್ನೇ ಆ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೆವು.

ಕೊಳ್ಳುವ ಸಾಮಾನಿನ ವಿಷಯದಲ್ಲಿ ಗೃಹಿಣಿಯರಿಗೆ ಎರಡು ಮಾತು. ಕೊನೆಯ ದಿನ ಭಾನುವಾರವಾದರೆ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಮುಖ್ಯ ರೈಲು ನಿಲ್ದಾಣದ ಕೆಳಗಿನ ಅಂಗಡಿಗಳೂ ವಿಮಾನ ನಿಲ್ದಾಣದವೂ ಮಾತ್ರ ತೆರೆದಿರುತ್ತವೆ. ಒಂದೇ ಅಂಗಡಿಯಲ್ಲಿ ೩೦೦ ಫ್ರಾಂಕಿಗೆ ಕಡಿಮೆಯಿಲ್ಲದಂತೆ ಕೊಂಡವರು ಅಲ್ಲಿಯೇ ಕಾಗದ ಬರೆಯಿಸಿಕೊಂಡರೆ ತೆರಿಗೆಯನ್ನು ಹಿಂದಕ್ಕೆ ಪಡೆಯಬಹುದು. ೨೦೨೪ರಿಂದ ಸ್ವಿಸ್ ತೆರಿಗೆ ಶೇಕಡಾ ೮.೧. ಸುಂಕದ ಅಧಿಕಾರಿಗೆ ಸಾಮಾನು ತೋರಿಸಬೇಕಾದೀತು, ಆದುದರಿಂದ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಈ ಕೆಲಸ ಮುಗಿಯಬೇಕು. ಅರ್ಧ ಗಂಟೆಯನ್ನು ಇದಕ್ಕೆಂದೇ ಇಡಿ. ಆದರೆ ಪ್ಯಾರಿಸ್ಸಿನಲ್ಲಿ ಕೊಂಡ ಅತ್ತರಿಗೋ ಕೈಚೀಲಕ್ಕೋ ಝೂರಿಕ್ಕಿನಲ್ಲಿ ಮುದ್ರೆ ಬೀಳುವುದಿಲ್ಲ. ಆ ಸಾಮಾನು ಯುರೋಪಿಯನ್ ಒಕ್ಕೂಟವನ್ನು ಬಿಡುವುದು ಫ್ರಾನ್ಸಿನ ಗಡಿಯಲ್ಲಿ. ಮುದ್ರೆಯೂ ಅಲ್ಲಿಯ ಸುಂಕದವರದೇ ಆಗಬೇಕು. ರೈಲಿನಲ್ಲಿ ಗಡಿ ದಾಟುವಾಗ ಯಾರೂ ನಮ್ಮನ್ನು ಎಬ್ಬಿಸಿ ಕೇಳುವುದಿಲ್ಲ. ದೊಡ್ಡ ಬೆಲೆಯ ವಸ್ತುವನ್ನು ಯಾವ ದೇಶದಿಂದ ವಿಮಾನ ಹತ್ತುತ್ತೇವೆಯೋ ಅಲ್ಲಿ ಕೊಳ್ಳುವುದೇ ಜಾಣತನ.

ಸ್ವಿಸ್ ಚಾಕು ದೊಡ್ಡ ಪೆಟ್ಟಿಗೆಗೆ, ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕು ಕೈಚೀಲಕ್ಕೆ. ಇದು ಅದಲು ಬದಲಾಗಬಾರದು. ಜೇನು, ಮುರಬ್ಬ, ಮೆತ್ತನೆಯ ಚೀಸು, ಚಾಕೊಲೇಟಿನ ಲೇಪ ಇವೆಲ್ಲ ತಪಾಸಣೆಯವರ ಕಣ್ಣಿಗೆ ದ್ರವ ಪದಾರ್ಥಗಳೇ. ಗಟ್ಟಿ ಚಾಕೊಲೇಟಿಗೆ ಅಡ್ಡಿಯಿಲ್ಲ.

ಉಳಿದ ನೋಟುಗಳನ್ನು ಮುಂಬಯಿಯಲ್ಲಿ ಬದಲಿಸಬಹುದು; ಚಿಲ್ಲರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದನ್ನು ಅಲ್ಲಿಯೇ ರೊಟ್ಟಿಗೋ ಕಾಫಿಗೋ ವೆಚ್ಚ ಮಾಡಿಬಿಡಿ. ಹತ್ತು ರಾಪನ್ನಿನ ನಾಣ್ಯ ಒಂದನ್ನು ಮಾತ್ರ ಉಳಿಸಿಕೊಳ್ಳಿ. ೧೮೭೯ರಿಂದ ಅದರ ಚಿತ್ರ ಬದಲಾಗಿಲ್ಲ. ಹಳೆಯ ಇಸವಿಯದು ಸಿಕ್ಕಿದರೂ ಸಿಕ್ಕೀತು. ನಮ್ಮ ಚಿಲ್ಲರೆಯಲ್ಲಿ ಬಂದದ್ದನ್ನು ಅಮ್ಮ ಎಲೆಯಡಿಕೆಯ ಸಂಚಿಯಲ್ಲಿ ಹಾಕಿಕೊಂಡಿದ್ದಾರೆ.

ಬೇಸಿಗೆಯಲ್ಲಿ ಭಾರತದ ಕಾಲ ಸ್ವಿಟ್ಜರ್‌ಲೆಂಡಿಗಿಂತ ಮೂರೂವರೆ ಗಂಟೆ ಮುಂದು, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಹೊರಡುವವರು ಎಚ್ಚರದಿಂದಿರಬೇಕು. ಆ ದಿನ ಅಲ್ಲಿಯ ಗಡಿಯಾರಗಳನ್ನು ಬೆಳಗಿನ ಜಾವಕ್ಕೆ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಊರು ಮುಟ್ಟಿದ ಮರುದಿನಕ್ಕೂ ಆಫೀಸಿಗೆ ರಜೆಯ ಅರ್ಜಿ ಮೊದಲೇ ಕೊಟ್ಟಿರಲಿ.