ಅಂಕಪಟ್ಟಿಗಿಂತ ಮೊದಲು ಹಾಜರಿ ಪುಸ್ತಕ

ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ಅತಿ ಕಡಿಮೆ ಚರ್ಚೆಯಾಗುವ ಹಂತವೆಂದರೆ ಆರು, ಏಳು, ಎಂಟನೇ ತರಗತಿ. ಒಂದನೇ ತರಗತಿಗೆ ಮಗು ಸೇರಿದಾಗ ದಾಖಲಾತಿ ಆಂದೋಲನ ನಡೆಯುತ್ತದೆ. ಹತ್ತನೇ ತರಗತಿ ಮುಗಿದಾಗ ಫಲಿತಾಂಶ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ನಡುವಿನ ಮೂರು ವರ್ಷಗಳ ಹೊಣೆ ಹೊತ್ತಿರುವುದು ಹೆಚ್ಚಾಗಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕೆಲವೆಡೆ ಏಳನೇ ತರಗತಿಗೇ ನಿಲ್ಲುವ, ಕೆಲವೆಡೆ ಎಂಟರವರೆಗೆ ಮೇಲ್ದರ್ಜೆಗೇರಿದ ಈ ಶಾಲೆಗಳು ಊರಿನ ಕೂಲಿಕಾರರ, ಸಣ್ಣ ಹಿಡುವಳಿದಾರರ, ವಲಸೆ ಬಂದವರ ಮಕ್ಕಳಿಗೆ ಉಳಿದಿರುವ ಏಕೈಕ ಶಾಲೆ. ಇವುಗಳ ಕಲಿಕಾ ಮಟ್ಟದ ಬಗ್ಗೆ ಪ್ರತಿವರ್ಷ ದೂರುಗಳು ಕೇಳಿಬರುತ್ತವೆ. ಆದರೆ ತರಗತಿಯಲ್ಲಿ ಕುಳಿತಿರುವ ಮಕ್ಕಳು ಯಾರು ಎಂಬುದನ್ನು ಬಿಟ್ಟು ಅಂಕವನ್ನಷ್ಟೇ ನೋಡಿದರೆ ಶಾಲೆಯ ಬಗ್ಗೆ ನಮಗೆ ತಿಳಿಯುವುದು ಬಹಳ ಕಡಿಮೆ.

ಎರಡು ಜಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು. ಯಾದಗಿರಿ ಶೇ 50ರ ಆಸುಪಾಸಿನಲ್ಲಿ ಕೊನೆಯ ಸ್ಥಾನದಲ್ಲಿತ್ತು. 2011ರ ಜನಗಣತಿಯಲ್ಲಿ ಉಡುಪಿಯ ಸಾಕ್ಷರತೆ ಶೇ 86ಕ್ಕೂ ಹೆಚ್ಚು, ಯಾದಗಿರಿಯದು ಶೇ 52ರಷ್ಟು. ಯಾದಗಿರಿಯ ಮಹಿಳೆಯರ ಸಾಕ್ಷರತೆ ಶೇ 41ರ ಸುಮಾರಿನಲ್ಲೇ ಇತ್ತು. ಅಂದು ಓದು ಬಾರದಿದ್ದ ತಾಯಂದಿರ ಮಕ್ಕಳೇ ಇಂದು ಪರೀಕ್ಷೆ ಬರೆಯುತ್ತಿದ್ದಾರೆ. ಕರಾವಳಿಯಲ್ಲಿ 1834ರಲ್ಲಿ ಕಾಲಿಟ್ಟ ಬಾಸೆಲ್ ಮಿಷನ್ನಿನ ಕಾಲದಿಂದ ಶಾಲೆಗಳು ಒಂದೊಂದಾಗಿ ಬೇರೂರುತ್ತ ಬಂದವು. ಯಾದಗಿರಿಯ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಆಡಳಿತದ ಮತ್ತು ಮೇಲ್ಮಟ್ಟದ ಶಿಕ್ಷಣದ ಭಾಷೆ ಉರ್ದು. ಕನ್ನಡದ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದೇ ತಡವಾಗಿ. ಫಲಿತಾಂಶದಲ್ಲಿ ಕಾಣುವ ಅಂತರದಲ್ಲಿ ಈ ತಲೆಮಾರುಗಳ ಲೆಕ್ಕವೂ ಸೇರಿದೆ. ಅಮೆರಿಕದಲ್ಲಿ 1966ರಲ್ಲಿ ಹೊರಬಂದ ಕೋಲ್ಮನ್ ವರದಿ ಲಕ್ಷಾಂತರ ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ ಕಂಡುಕೊಂಡದ್ದೂ ಇದನ್ನೇ: ಮಗುವಿನ ಸಾಧನೆಯ ಮೇಲೆ ಮನೆಯ ಹಿನ್ನೆಲೆಯ ಪ್ರಭಾವ ಬಹಳ ದೊಡ್ಡದು.

ಮನೆಮಾತು ಬೇರೆ ಇರುವುದರಿಂದ ಮಕ್ಕಳು ಹಿಂದುಳಿಯುತ್ತಾರೆ ಎಂಬ ಮಾತೂ ಇದೆ. ಯಾದಗಿರಿ ಭಾಗದಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಇರುವುದು ನಿಜ. ಆದರೆ ಕರಾವಳಿಯ ಮಕ್ಕಳಲ್ಲೂ ಬಹುಪಾಲಿನವರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೇ. ಕನ್ನಡವನ್ನು ಅವರೂ ಶಾಲೆಯಲ್ಲೇ ಗಟ್ಟಿಮಾಡಿಕೊಂಡರು. ಆದ್ದರಿಂದ ಮನೆಮಾತನ್ನು ದೂಷಿಸುವುದು ಸಲ್ಲದು. ಮನೆಯಲ್ಲಿ ಓದಿದ ಹಿರಿಯರೊಬ್ಬರು ಇದ್ದಾರೆಯೇ, ಮಗು ವರ್ಷವಿಡೀ ಒಂದೇ ಶಾಲೆಯಲ್ಲಿ ಕೂರುತ್ತದೆಯೇ ಎಂಬುದೇ ಹೆಚ್ಚು ನಿರ್ಣಾಯಕ. ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುವ, ಅಪ್ಪ-ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮಗುವಿನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಿಯೇ ಇರುತ್ತದೆ. ವಾಪಸು ಬರುವ ಹೊತ್ತಿಗೆ ಪಾಠ ಭಿನ್ನರಾಶಿಯನ್ನು ದಾಟಿ ಬೀಜಗಣಿತಕ್ಕೆ ಹೋಗಿರುತ್ತದೆ.

ಆರನೇ ತರಗತಿಯಲ್ಲಿ ಇನ್ನೊಂದು ಜರಡಿಯೂ ಇದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಮೂರಕ್ಕೂ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುವುದು ಈ ತರಗತಿಗೇ. ಇವು ಬಡಮಕ್ಕಳಿಗೆ ದೊಡ್ಡ ಅವಕಾಶ ಕೊಟ್ಟಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದನೇ ತರಗತಿಯವರೆಗೆ ಊರಿನ ಶಾಲೆ ತಿದ್ದಿ ತೀಡಿದ ಚುರುಕಿನ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಶುಲ್ಕ ಕಟ್ಟಬಲ್ಲವರು ಖಾಸಗಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾರೆ. ಉಳಿದವರ ಸರಾಸರಿ ಅಂಕ ಇಳಿದರೆ ಅದನ್ನು ಶಿಕ್ಷಕರ ಸೋಲು ಎನ್ನುವುದು ಅನ್ಯಾಯ. ಆಯ್ದ ಮಕ್ಕಳನ್ನು ಸೇರಿಸಿಕೊಂಡ ಶಾಲೆಯ ನೂರಕ್ಕೆ ನೂರು ಫಲಿತಾಂಶವನ್ನೂ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದೆಲ್ಲ ಶಿಕ್ಷಕರಿಗೆ ಸಿಗುವ ನೆಪವಾಗುವುದಿಲ್ಲವೇ, ಬಡವರ ಮಕ್ಕಳು ಇಷ್ಟೇ ಎಂದು ಕೈಚೆಲ್ಲುವುದಕ್ಕೆ ದಾರಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಇದಕ್ಕೆ ಉತ್ತರ ಮಗುವಿನ ನೋಟ್ ಪುಸ್ತಕದಲ್ಲಿದೆ. ಆರನೇ ತರಗತಿಯ ಮಗು 52ರಲ್ಲಿ 28 ಕಳೆದು 36 ಎಂದು ಬರೆದರೆ ಅದು ದಡ್ಡತನವಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 8 ಕಳೆಯಲು ಬಾರದೆ 8ರಿಂದಲೇ 2 ಕಳೆದಿದೆ. ದಶಕ ಬಿಡಿಸಿಕೊಳ್ಳುವುದನ್ನು ಎರಡನೇ, ಮೂರನೇ ತರಗತಿಯಲ್ಲಿ ಯಾರೂ ಕೂತು ಹೇಳಿಕೊಟ್ಟಿಲ್ಲ. ಹಿನ್ನೆಲೆ ತಿಳಿದ ಶಿಕ್ಷಕರು ಆ ಮಗುವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಮಗು ನಿಂತಲ್ಲಿಂದ ಪಾಠ ಶುರುಮಾಡುವ ಪದ್ಧತಿ ನಮಗೇನೂ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ತಳಹದಿಯೇ ಅದು. ಕೆಳಗಿನ ತರಗತಿಗಳಿಗೆ ಸೀಮಿತವಾದ ಆ ತತ್ವ ಆರು-ಏಳಕ್ಕೆ ಬರುವಾಗ ಕೈತಪ್ಪಿ, ಪಠ್ಯ ಮುಗಿಸುವ ಧಾವಂತ ಶುರುವಾಗುತ್ತದೆ. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಶಾಲೆಯ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲ್ಲಿಗೆ ಮುಟ್ಟಿದೆ ಎಂಬುದರ ಜೊತೆಗೆ ಎಲ್ಲಿಂದ ಎಷ್ಟು ದೂರ ಕರೆತಂದಿದೆ ಎಂದೂ ಆಗ ಕೇಳಬಹುದು.

ಸರ್ಕಾರ ಮನಸ್ಸು ಮಾಡಿದಾಗ ಹಿಂದುಳಿದ ಕಡೆಯಿಂದಲೇ ಕೆಲಸ ಶುರುವಾಗಿರುವುದೂ ಉಂಟು. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಬಡಿಸಿದ್ದು ಈಶಾನ್ಯ ಜಿಲ್ಲೆಗಳಲ್ಲಿ. ಶಿಕ್ಷಕರ ವಿಷಯದಲ್ಲೂ ಅದೇ ಕ್ರಮ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು, ಗಣಿತ-ವಿಜ್ಞಾನ, ಸಮಾಜ, ಭಾಷೆಗೆ ಪ್ರತ್ಯೇಕ ಶಿಕ್ಷಕರಿರಬೇಕು ಎನ್ನುತ್ತದೆ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಬಿದ್ದರೆ ಆ ನಷ್ಟ ತುಂಬುವುದಕ್ಕೆ ಟ್ಯೂಷನ್ನೂ ಇರುವುದಿಲ್ಲ, ಅಪ್ಪ-ಅಮ್ಮನಿಗೂ ಆಗುವುದಿಲ್ಲ. ಕಾಯಂ ಶಿಕ್ಷಕರು ಮೊದಲು ಹೋಗಬೇಕಾದದ್ದು ಅಂಥ ಶಾಲೆಗಳಿಗೆ. ಇದನ್ನು ಕೇಳುವ ಅಧಿಕಾರ ಊರವರಿಗೂ ಇದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಅದೇ ಕಾಯ್ದೆ ಹೇಳಿದೆ. ಮುಂದಿನ ಸಭೆಯಲ್ಲಿ ಬಣ್ಣ, ಕಾಂಪೌಂಡಿನ ಜೊತೆಗೆ ಇದನ್ನೂ ಕೇಳಿ: ಜೂನ್‌ನಲ್ಲಿ ಆರನೇ ತರಗತಿಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಮಾರ್ಚ್‌ವರೆಗೆ ಉಳಿದರು, ಬಂದಾಗ ಏನು ಬರುತ್ತಿತ್ತು, ಈಗ ಏನು ಬರುತ್ತದೆ, ಗಣಿತಕ್ಕೆ ಯಾರಿದ್ದಾರೆ?