ಮುದ್ದೆಗೆ ಇಟಲಿಯಲ್ಲೊಬ್ಬ ದಾಯಾದಿ

ಉತ್ತರ ಇಟಲಿಯ ವೆನೆಟೊ, ಫ್ರಿಯುಲಿ ಕಡೆಯ ರೈತರ ಮನೆಗಳಲ್ಲಿ ಹಿಂದೆ ಒಲೆಯ ಮೇಲೆ ತಾಮ್ರದ ಹಂಡೆಯೊಂದು ಸದಾ ತೂಗುತ್ತಿತ್ತು. ನೀರು ಮರಳಿದ ಮೇಲೆ ಉಪ್ಪು ಹಾಕಿ, ಹಿಟ್ಟು ಉದುರಿಸಿ, ಉದ್ದನೆಯ ಮರದ ಕೋಲಿನಲ್ಲಿ ಮುಕ್ಕಾಲು ಗಂಟೆ ತಿರುವುತ್ತಿದ್ದರು. ಗಟ್ಟಿಯಾದದ್ದನ್ನು ಮರದ ಹಲಗೆಗೆ ಬೋರಲು ಹಾಕಿ, ದಾರದಿಂದ ಕೊಯ್ದು ಮನೆಮಂದಿಗೆ ಹಂಚುತ್ತಿದ್ದರು. ಹೆಸರು ಪೊಲೆಂಟಾ. ಹೊಸೂರು ಸುತ್ತಿನ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಯಾವ ಅಜ್ಜಿಗೆ ಇದನ್ನು ಓದಿ ಹೇಳಿದರೂ "ಹಿಟ್ಟು ತಿರುವೋದನ್ನ ನಂಗೇ ಹೇಳಿಕೊಡ್ತೀಯೇನಪ್ಪಾ" ಎಂದು ಕೇಳಿಯಾಳು.

ಇಟಲಿಯವರು ಈ ಬಗೆಯ ಅಡುಗೆಯನ್ನು ಕುಚಿನಾ ಪೋವೆರಾ, ಅಂದರೆ ಬಡವರ ಅಡುಗೆ ಎನ್ನುತ್ತಾರೆ. ಒಣಗಿದ ಬ್ರೆಡ್ಡು, ಹುರುಳಿಯಂಥ ಕಾಳು, ಹೊಲದ ಬದುವಿನ ಸೊಪ್ಪು, ಒಂದು ತೊಟ್ಟು ಎಣ್ಣೆ, ಇಷ್ಟರಲ್ಲೇ ಹುಟ್ಟಿದ ಅಡುಗೆ. ನಿನ್ನೆಯ ಸೊಪ್ಪು-ಕಾಳಿನ ಸಾರಿಗೆ ಒಣ ಬ್ರೆಡ್ ಸೇರಿಸಿ ಮತ್ತೆ ಕುದಿಸಿದರೆ ಟಸ್ಕನಿಯಲ್ಲಿ ಅದು ರಿಬೊಲ್ಲಿತಾ. ಇಂದು ಅದೇ ಸಾರು ದೊಡ್ಡ ಹೋಟೆಲುಗಳ ಮೆನುವಿನಲ್ಲಿ ದುಬಾರಿ ದರಕ್ಕೆ ಸಿಗುತ್ತದೆ. ನಮ್ಮ ಹೊಸೂರು ಸೀಮೆಯ ಬಡವರ ಅಡುಗೆ ಮಾತ್ರ ಇನ್ನೂ ಹೆಚ್ಚಾಗಿ ಮನೆಯ ಒಲೆಯ ಮೇಲೇ ಇದೆ. ಅದಕ್ಕೇ ಅದನ್ನು ಪರಿಚಯ ಮಾಡಿಕೊಡುವ ಗೋಜಿಗೆ ಯಾರೂ ಹೋಗಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲ ತಮಿಳುನಾಡಿಗೆ ಸೇರಿದ್ದರೂ ಮಣ್ಣು, ಮಳೆ, ಬೆಳೆ ಎಲ್ಲ ಮೈಸೂರು ಪ್ರಸ್ಥಭೂಮಿಯದೇ. ಮಳೆ ನಂಬಿದ ಕೆಂಪು ಹೊಲದಲ್ಲಿ ರಾಗಿ, ಅದರ ಸಾಲುಗಳ ನಡುವೆ ಅವರೆ, ಕೊನೆಗೆ ಹುರುಳಿ. ಕನ್ನಡದವರು ಹಿಟ್ಟು ಅಥವಾ ಮುದ್ದೆ, ತೆಲುಗಿನವರು ಸಂಗಟಿ, ತಮಿಳರು ಕಳಿ ಎಂದು ಉಣ್ಣುವುದು ಒಂದೇ ಉಂಡೆಯನ್ನು. ಭಾಷೆಯ ವಿಷಯಕ್ಕೆ ಆಗಾಗ ಮುನಿಸಿಕೊಳ್ಳುವ ಈ ಗಡಿಯಲ್ಲಿ ಮುದ್ದೆಯ ವಿಷಯಕ್ಕೆ ಜಗಳವಾದದ್ದನ್ನು ನಾನು ಕೇಳಿಲ್ಲ.

ಮುದ್ದೆಯ ಕಸುಬು ಇರುವುದು ಹಿಟ್ಟು ಬೇಯಿಸುವುದರಲ್ಲಿ. ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ ಕುದಿ ಬರಿಸಬೇಕು. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಮುಟ್ಟದೆ ಬಿಡಬೇಕು. ಕೆಳಗಿನ ನೀರು ಆ ತೂತಿನಲ್ಲಿ ಉಕ್ಕಿ ಬಂದು ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಇಲ್ಲಿ ಅವಸರ ಪಟ್ಟವರ ಮುದ್ದೆಯಲ್ಲಿ ಗಂಟು, ಹಸಿ ವಾಸನೆ ಎರಡೂ ಉಳಿಯುತ್ತವೆ. ಹಿಟ್ಟು ಸಾಲದ ಮನೆಯಲ್ಲಿ ಅಕ್ಕಿ ನುಚ್ಚು ಬೇಯಿಸಿ ಸೇರಿಸುತ್ತಾರೆ. ರಾತ್ರಿ ಮಿಕ್ಕ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ನಂಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಾರೆ. ಎಸೆಯುವುದು ಎಂಬ ಕ್ರಿಯಾಪದಕ್ಕೆ ಈ ಅಡುಗೆಮನೆಯಲ್ಲಿ ಕೆಲಸವೇ ಇಲ್ಲ.

ಆದರೆ ನನ್ನ ಮಟ್ಟಿಗೆ ಈ ಸೀಮೆಯ ನಿಜವಾದ ಜಾಣತನ ಮುದ್ದೆಯಲ್ಲಲ್ಲ, ಬಸ್ಸಾರಿನಲ್ಲಿದೆ. ಒಂದು ಪಾತ್ರೆಯಲ್ಲಿ ಕಾಳು ಬೇಯಿಸಿ, ಅರ್ಧ ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಹುಣಸೆಹಣ್ಣು, ಬೆಂದದ್ದರಲ್ಲೇ ಒಂದು ಹಿಡಿ ಸೇರಿಸಿ ರುಬ್ಬಿ ಬೆರೆಸಿದರೆ ಸಾರು. ಪಾತ್ರೆಯಲ್ಲಿ ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಒಲೆ, ಒಂದೇ ಸೌದೆ, ಎರಡು ಪದಾರ್ಥ. ಸೊಪ್ಪಿಗೆ ದುಡ್ಡೂ ಬೇಡ. ಅಣ್ಣೆ, ಗಣಿಕೆ, ಹೊನಗೊನೆ, ಕಿರಕಸಾಲೆ ಎಲ್ಲ ಕಳೆ ಕೀಳುವಾಗ ಮಡಿಲಿಗೆ ಬೀಳುವಂಥವು. ನಾಲ್ಕಾರು ಸೊಪ್ಪು ಸೇರಿದರೆ ಬೆರಕೆ ಸೊಪ್ಪು, ಅದರ ರುಚಿಯೇ ಬೇರೆ. ಹುರುಳಿ ಕಟ್ಟಿನ ಸಾರಂತೂ ಮಾರನೇ ದಿನಕ್ಕೇ ಚೆನ್ನ. ಟಸ್ಕನಿಯ ಬಡವರೂ ಸೊಪ್ಪು, ಈರುಳ್ಳಿ ಬೇಯಿಸಿದ ನೀರಿಗೆ ಒಣ ಬ್ರೆಡ್ ಅದ್ದಿ ತಿಂದು ಅದಕ್ಕೆ ಅಕ್ವಾಕೊತ್ತಾ ಎಂದು ಹೆಸರಿಟ್ಟರು. ಬೆಂದ ನೀರನ್ನು ಚೆಲ್ಲಬಾರದೆಂಬ ಬುದ್ಧಿ ಎರಡು ಕಡೆಯೂ ಬೇರೆ ಬೇರೆಯಾಗಿಯೇ ಬಂದಿರಬೇಕು.

ಇನ್ನು ಕೂಡಿಡುವ ವಿದ್ಯೆ. ರಾಗಿಯ ಕಾಳು ಸಣ್ಣದು, ಗಟ್ಟಿ. ಹುಳ ಅದರ ತಂಟೆಗೆ ಸುಲಭಕ್ಕೆ ಬರುವುದಿಲ್ಲ. ಈ ಗುಣವನ್ನು ನಂಬಿ ಹುಟ್ಟಿದ್ದು ಹಗೇವು. ನೀರು ನಿಲ್ಲದ ದಿಬ್ಬದಲ್ಲಿ, ಎಷ್ಟೋ ಕಡೆ ಮನೆಯ ಮುಂದಿನ ಬಯಲಲ್ಲೇ, ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ ಗುಂಡಿ ತೋಡಿ, ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತ ಹುಲ್ಲು ಒತ್ತರಿಸಿ ರಾಗಿ ತುಂಬುತ್ತಿದ್ದರು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಭಯವಿಲ್ಲ. ತೆಗೆದೊಡನೆ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ರಾಗಿಯನ್ನು ಹೀಗೆ ನೆಲದೊಳಗೆ ಇಡುವುದನ್ನು ಬರೆದಿಟ್ಟಿದ್ದಾನೆ. ಬೆಲೆ ಬಿದ್ದಾಗ ಮಾರದೆ, ಮಳೆ ಕೈಕೊಟ್ಟಾಗ ಕೊಳ್ಳದೆ ಬದುಕುವ ದಾರಿ ಇದು. ರೈತನ ಬ್ಯಾಂಕು ಅವನ ಅಂಗಳದಲ್ಲೇ ಇತ್ತು.

ಎರಡು ಮಳೆ ಒಟ್ಟಿಗೆ ತಪ್ಪಿದಾಗ ಈ ಬ್ಯಾಂಕೂ ಬರಿದಾಯಿತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಹೊಸೂರು ತಾಲ್ಲೂಕು ಸೇಲಂ ಜಿಲ್ಲೆಯಲ್ಲಿತ್ತು. 1871ರ ಜನಗಣತಿಯಲ್ಲಿ 19 ಲಕ್ಷ ದಾಟಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 16 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕ್ಷಾಮದ ಕಾಮಗಾರಿಯಲ್ಲಿ ದುಡಿಯುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಲೆಕ್ಕ ಕಟ್ಟಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಬ್ಲ್ಯು. ಆರ್. ಕಾರ್ನಿಷ್ ಸಾಲದೆಂದು ವಾದಿಸಿದ. ಆ ಕ್ಷಾಮ ಮುಗಿಯುತ್ತಿದ್ದ ವರ್ಷ, 1878ರ ಡಿಸೆಂಬರ್ 10ರಂದು, ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದರು. ಮುಂದೆ 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾದ ಕೂಡಲೇ ಅವರು ಆಹಾರ ಧಾನ್ಯದ ಮೇಲಿನ ಕಂಟ್ರೋಲನ್ನು ತೆಗೆದುಹಾಕಿದ್ದು ದೊಡ್ಡ ಸುದ್ದಿ. ಧಾನ್ಯವನ್ನು ಅಂಗಳದಲ್ಲಿ ಹೂತಿಟ್ಟು ಗೊತ್ತಿದ್ದ ಊರಿನವರಿಗೆ ಅಧಿಕಾರಿಯ ಚೀಟಿಯ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲವೇನೋ. ಇದು ನನ್ನ ಊಹೆ.

ಕಷ್ಟಕಾಲದ ಊಟವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಪೊಲೆಂಟಾವನ್ನು ಮೊದಲು ಸಿರಿಧಾನ್ಯ ಮುಂತಾದವುಗಳಿಂದ ಮಾಡುತ್ತಿದ್ದರು. ಅಮೆರಿಕದಿಂದ ಬಂದ ಮೆಕ್ಕೆಜೋಳ ಅಗ್ಗವಾಗಿ, ಹೆಚ್ಚು ಇಳುವರಿ ಕೊಟ್ಟು ಉಳಿದದ್ದನ್ನೆಲ್ಲ ಓಡಿಸಿತು. ಗೇಣಿ ಕೊಟ್ಟು ಬರಿಗೈಯಾದ ರೈತ ಮೂರು ಹೊತ್ತೂ ಅದನ್ನೇ ತಿಂದ. ಮೈ ಚರ್ಮ ಒರಟಾಗಿ ಸುಲಿದು, ಭೇದಿ ಹತ್ತಿ, ಕೊನೆಗೆ ಬುದ್ಧಿ ಕೆಡುವ ಪೆಲ್ಲಾಗ್ರಾ ರೋಗ ಹಳ್ಳಿಗಳಿಗೆ ನುಗ್ಗಿತು. 1771ರಲ್ಲಿ ಮಿಲಾನಿನ ವೈದ್ಯ ಫ್ರಾಪೊಲ್ಲಿ ಅದರ ಬಗ್ಗೆ ಬರೆದ. 1881ರಲ್ಲಿ ಇಟಲಿ ಎಣಿಸಿದಾಗ ರೋಗಿಗಳು ಒಂದು ಲಕ್ಷ ಮೀರಿದ್ದರು. ನಯಾಸಿನ್ ಎಂಬ ಜೀವಸತ್ವದ ಕೊರತೆ ಅದಕ್ಕೆ ಕಾರಣವೆಂದು ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ. ನಮ್ಮ ದಖನ್ನಿನಲ್ಲೂ ಬರೀ ಜೋಳ ತಿನ್ನುವ ಬಡವರಲ್ಲಿ ಈ ರೋಗವನ್ನು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಸಂಗಡಿಗರು ಗುರುತಿಸಿದರು. ಮುದ್ದೆಯೂ ಒಂಟಿಯಾಗಿ ಸಾಲದು. ಅದರ ಪಕ್ಕದ ಸೊಪ್ಪು, ಕಾಳು, ಮಜ್ಜಿಗೆ ಸೇರಿದರೇ ಅದು ಊಟ. ಬಸ್ಸಾರನ್ನು ನಾನು ಮುದ್ದೆಗಿಂತ ಮೇಲಿಟ್ಟದ್ದು ಇದಕ್ಕೇ.

ಈಚಿನ ಕಷ್ಟಗಳ ಮುಖ ಬೇರೆ. ಇಟಲಿಯಲ್ಲಿ ಗೋಧಿ ಬೆಲೆ ಏರಿದ 2007ರ ಸೆಪ್ಟೆಂಬರ್ 13ರಂದು ಗ್ರಾಹಕ ಸಂಘಗಳು ಒಂದು ದಿನ ಪಾಸ್ತಾ ಕೊಳ್ಳಬೇಡಿ ಎಂದು ಮುಷ್ಕರ ಹೂಡಿದವು. 2011ರಲ್ಲಿ ಸರ್ಕಾರದ ಸಾಲದ ಬಿಕ್ಕಟ್ಟಿನಲ್ಲಿ ಪ್ರಧಾನಿ ಬರ್ಲುಸ್ಕೋನಿ ಇಳಿಯಬೇಕಾಯಿತು. ಅದೇ ವರ್ಷ ನೇಪಲ್ಸಿನ ಹಳೆಯ ಪದ್ಧತಿಯೊಂದಕ್ಕೆ ಮತ್ತೆ ಜೀವ ಬಂತು. ಕಾಫಿ ಕುಡಿದವರು ಎರಡು ಕಾಫಿಯ ದುಡ್ಡು ಕೊಟ್ಟು ಹೋಗುತ್ತಾರೆ. ಎರಡನೆಯದು ಮುಂದೆ ಬರುವ ಯಾರೋ ಕೈಲಾಗದವನಿಗೆ. ಅಲ್ಲಿನವರಿಗೆ ಕಾಫಿ ಬಿಟ್ಟರೆ ಮಾನ ಹೋದಂತೆ ಎಂಬುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ.

ಹೊಸೂರಿನ ಈಗಿನ ಕಷ್ಟ ಮಳೆಯದಕ್ಕಿಂತ ಫ್ಯಾಕ್ಟರಿಯದು. 1970ರ ದಶಕದಲ್ಲಿ ಸರ್ಕಾರದ ಕೈಗಾರಿಕಾ ವಲಯ ಸಿಪ್ಕಾಟ್ ಬಂದು, ಹಿಂದೆಯೇ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಬಂದ ಮೇಲೆ ರಾಗಿ ಹೊಲದ ಮಕ್ಕಳು ಶಿಫ್ಟಿಗೆ ಹೋಗತೊಡಗಿದರು. 2019ರಲ್ಲಿ ವಾಹನಗಳ ಮಾರಾಟ ಕುಸಿದು, ಆ ಸೆಪ್ಟೆಂಬರಿನಲ್ಲಿ ಅಶೋಕ್ ಲೇಲ್ಯಾಂಡ್ ಹೊಸೂರಿನ ಘಟಕಗಳಿಗೆ ಐದು ದಿನ ಕೆಲಸವಿಲ್ಲವೆಂದು ಸಾರಿತು. ದೊಡ್ಡ ಕಂಪನಿಗೆ ಐದು ದಿನ ರಜೆಯೆಂದರೆ ಅದಕ್ಕೆ ಬೋಲ್ಟು, ನಟ್ಟು ಮಾಡಿಕೊಡುವ ಶೆಡ್ಡುಗಳ ದಿನಗೂಲಿಯವರಿಗೆ ಉಪವಾಸದ ಲೆಕ್ಕ. ಆರು ತಿಂಗಳಿಗೆ ಲಾಕ್‌ಡೌನ್ ಬಂತು. ಜೂಜುವಾಡಿ–ಅತ್ತಿಬೆಲೆ ಗಡಿ ಮುಚ್ಚಿತು. ಜಯಲಲಿತಾ 2013ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಅಮ್ಮ ಉಣವಗಂಗಳು ಅಷ್ಟರಲ್ಲಿ ರಾಜ್ಯದ ಇತರ ಊರುಗಳಿಗೂ ಹರಡಿದ್ದವು. ಇಡ್ಲಿಗೆ ಒಂದು ರೂಪಾಯಿ, ಸಾಂಬಾರ್ ಅನ್ನಕ್ಕೆ ಐದು, ಮೊಸರನ್ನಕ್ಕೆ ಮೂರು. ಲಾಕ್‌ಡೌನಿನಲ್ಲಿ ಹಲವೆಡೆ ಅದನ್ನೂ ತೆಗೆದುಕೊಳ್ಳದೆ ಬಡಿಸಿದರು. ಗಡಿಯ ಆಚೆ ಕರ್ನಾಟಕದಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಎಂದು ಶುರುವಾದದ್ದಕ್ಕೆ ಮಾದರಿ ಅದೇ. ಎರಡೂ ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಅಮ್ಮ ಉಣವಗಂನ ಪಟ್ಟಿಯಲ್ಲಿ ಹೆಚ್ಚಿನದು ಅಕ್ಕಿ.

ಪಡಿತರದ ಕತೆಯೂ ಅದೇ. ತಮಿಳುನಾಡು 2011ರ ಜೂನಿನಿಂದ ಅಕ್ಕಿಯನ್ನು ಪುಕ್ಕಟೆ ಕೊಡುತ್ತಿದೆ. ಹಸಿವನ್ನು ಅದು ತಡೆದಿದೆ, ಜೊತೆಗೆ ಹಿಟ್ಟಿನ ಕೋಲನ್ನು ಮೂಲೆಗೂ ತಳ್ಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಕೃಷ್ಣಗಿರಿ ತಮಿಳುನಾಡಿನಲ್ಲಿ ರಾಗಿ ಹೆಚ್ಚು ಬೆಳೆಯುವ ಜಿಲ್ಲೆಗಳ ಮುಂಚೂಣಿಯಲ್ಲಿದೆ. ಪೈಯೂರಿನ ಕೃಷಿ ಸಂಶೋಧನಾ ಕೇಂದ್ರ ರಾಗಿ, ಹುರುಳಿ ಎರಡಕ್ಕೂ ತನ್ನ ಊರಿನ ಹೆಸರಿನ ತಳಿಗಳನ್ನು ಕೊಟ್ಟಿದೆ. ಬೆಂಬಲ ಬೆಲೆ 2017–18ರಲ್ಲಿ ಕ್ವಿಂಟಾಲಿಗೆ 1,900 ರೂಪಾಯಿ ಇದ್ದದ್ದು 2025–26ಕ್ಕೆ 4,886 ಆಗಿದೆ. ಹೀಗಿರುವಾಗ 2023ರ ಮೇ ತಿಂಗಳಲ್ಲಿ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುವ ಪ್ರಯೋಗಕ್ಕೆ ಸರ್ಕಾರ ಆರಿಸಿದ್ದು ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳನ್ನು. ಬೆಳೆಯುವ ಹೊಸೂರು, ತಳಿ, ಶೂಳಗಿರಿಯವರು ಪಟ್ಟಿಯಲ್ಲಿರಲಿಲ್ಲ.

ಈ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಿಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ಸೇರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ರಾಗಿ ತಿಂಗಳು ತಿಂಗಳೂ ಸಿಗಬೇಕು, ಅದನ್ನು ಇಲ್ಲಿನ ರೈತರಿಂದಲೇ ಕೊಳ್ಳಬೇಕು ಎಂದು ನಿರ್ಣಯ ಬರೆಸಿ. ಕನ್ನಡ, ತೆಲುಗು, ತಮಿಳು ಮೂರೂ ಮನೆಯವರು ಒಟ್ಟಿಗೆ ಹೋಗಿ ಸಹಿ ಹಾಕಿ.